ಅಮೇರಿಕೆಯ ಸೊಸೆಗೆ ಚರಗದ ಲೆಕ್ಕ

"ಅಮೇರಿಕೆಗೆ ಹೋದ ಹುಡುಗಿಯರು ಸಂಪ್ರದಾಯ ಮರೆತರು" ಎಂಬ ಮಾತನ್ನು ಹಿಪ್ಪರಗಿಯ ಕಟ್ಟೆಯಿಂದ ಜಮಖಂಡಿಯ ಮದುವೆ ಮಂಟಪದವರೆಗೂ ಕೇಳಿ ನನಗೆ ಸಾಕಾಗಿದೆ. ಹೇಳುವವರು ಯಾರು? ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಬಿಟ್ಟು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯನ್ನು ಪೇಟೆಯಿಂದ ಕೊಂಡು ತರುವ ನಾವೇ! ಕೃಷ್ಣೆ ಮಗ್ಗುಲಲ್ಲೇ ಹರಿಯುವಾಗ ನಮ್ಮಿಂದ ಆಗದ್ದನ್ನು ಶಿಕಾಗೋದ ಹಿಮದಲ್ಲಿ ಆ ಹುಡುಗಿ ಮಾಡಬೇಕಂತೆ.

ಅಲ್ಲಿ ಸಂಘಗಳಿವೆ, ಸಂತೋಷ. 2000ದಲ್ಲಿ ಹ್ಯೂಸ್ಟನ್ನಿನಲ್ಲಿ 'ಅಕ್ಕ' ಸಂಸ್ಥೆಯವರು ವಿಶ್ವ ಕನ್ನಡ ಸಮ್ಮೇಳನ ನಡೆಸಿದರು. ಹಾರ, ಶಾಲು, ಭಾಷಣ ಎಲ್ಲ ಸರಿ. ಆದರೆ ಹಬ್ಬಕ್ಕೆ ಹೂರಣ ರುಬ್ಬುವವಳು, ಮಕ್ಕಳಿಗೆ ಅಆಇಈ ತಿದ್ದಿಸುವವಳು ಯಾರೆಂದು ನೀವೇ ಊಹಿಸಿ, ಅಕ್ಕಂದಿರೇ. ಗಂಡ ಜೀನ್ಸ್ ತೊಟ್ಟರೆ ಯಾರಿಗೂ ಸಂಸ್ಕೃತಿ ನೆನಪಾಗುವುದಿಲ್ಲ, ಇವಳ ಹಣೆ ಬರಿದಾದರೆ ಊರಿಗೆಲ್ಲ ಸುದ್ದಿ.

ಎಚ್-1ಬಿ ವೀಸಾದವನ ಹೆಂಡತಿಗೆ ಸಿಗುವುದು ಎಚ್-4. ಅದರಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಪರವಾನಗಿ ಸಿಗತೊಡಗಿತು, ಅದೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟಿದ ಮೇಲೆ. ಆ ಕಾರ್ಡೋ, ಭಾರತದವರಿಗೆ ವರ್ಷಗಟ್ಟಲೆ ಸರದಿ. ಹೊಲ ಒತ್ತೆಯಿಟ್ಟು ಇಂಜಿನಿಯರಿಂಗ್ ಓದಿಸಿದ ಮಗಳು ಅಲ್ಲಿ ಬರೀ ಒಲೆ ಕಾಯುತ್ತಾಳೆ. ಈ ಬಗ್ಗೆ ಕಟ್ಟೆಯಲ್ಲಿ ಚಕಾರವಿಲ್ಲ. ಬೀಗರಿಗೆ ವರನ ವೀಸಾ ಗೊತ್ತಾದರೆ ಸಾಕು, ಅವಳದು ಯಾವ ವೀಸಾ ಎಂದು ತವರಿನವರೂ ಕೇಳುವುದಿಲ್ಲ. ನಿಶ್ಚಿತಾರ್ಥಕ್ಕೆ ಮುಂಚೆಯೇ ಇದನ್ನು ಕೇಳಬೇಕು, ಬಂಗಾರದ ತೂಕ ಕೇಳುವಷ್ಟೇ ಗಟ್ಟಿಯಾಗಿ.

ನನ್ನ ತಂಗಿಯ ಮಗಳಿಗೆ ಪರವಾನಗಿ ಇನ್ನೂ ಬಂದಿಲ್ಲ. ಈ ಎಳ್ಳಮಾಸಿಗೆ ಏನೂ ಮಾಡಲಿಲ್ಲ ಎಂದು ಫೋನಿನಲ್ಲಿ ಅಳುಕುತ್ತ ಹೇಳಿದಳು. ಒಳ್ಳೆಯದಾಯಿತು ಎಂದೆ.