ಕಾಲೇಜಿನದು ಕಾಲೇಜಿಗೆ, ನಿಮ್ಮದು ನಿಮಗೆ

ದ್ವಿತೀಯ ಪಿಯು ಪರೀಕ್ಷೆ ಮುಗಿದ ಮೇಲೆ ಟಿಸಿ ಬೇಕೆಂದರೆ ಮೊದಲು ನೋ ಡ್ಯೂ ಫಾರಂ ಹಿಡಿದು ಓಡಾಡಬೇಕು. ಲೈಬ್ರರಿ ಪುಸ್ತಕ ಕೊಟ್ಟಿರಾ, ಲ್ಯಾಬ್‌ನಲ್ಲಿ ಏನಾದರೂ ಒಡೆದಿದ್ದೀರಾ, ಆಟದ ಸಾಮಾನು ಬಾಕಿ ಇದೆಯಾ ಎಂದು ಒಬ್ಬೊಬ್ಬರೂ ಕೇಳಿ ಸಹಿ ಹಾಕುತ್ತಾರೆ. ಒಂದು ಹಳೆಯ ನಿಘಂಟು ಕಡಿಮೆಯಾದರೂ ಸಹಿ ಬೀಳುವುದಿಲ್ಲ. ಆದರೆ ಎರಡು ವರ್ಷ ಕಾಲೇಜಿನ ಹೆಸರಿನಲ್ಲಿ ನಾವು ಕಳಿಸಿದ, ಪಡೆದ ಇಮೇಲ್‌ಗಳು ಎಲ್ಲಿವೆ, ಯಾರ ಬಳಿ ಇವೆ ಎಂದು ಯಾರೂ ಕೇಳುವುದಿಲ್ಲ. ಅದನ್ನೂ ಕೇಳಬೇಕು ಎಂಬುದೇ ನನ್ನ ವಾದ.

ನಡೆಯುವುದು ಹೀಗೆ. ಕ್ರೀಡೆ, ಸಾಹಿತ್ಯ ಸಂಘ, ಎನ್‌ಎಸ್‌ಎಸ್, ವಿಜ್ಞಾನ ವಸ್ತುಪ್ರದರ್ಶನ, ವಿದ್ಯಾರ್ಥಿವೇತನದ ಸಹಾಯ ಹೀಗೆ ಪ್ರತಿ ಕೆಲಸಕ್ಕೂ ಒಂದು ತಂಡ ಇರುತ್ತದೆ. ಕೆಲಸ ಶುರುವಾದ ದಿನ ಯಾರೋ ಒಬ್ಬರು ತಮ್ಮ ಫೋನಿನಲ್ಲೇ ಒಂದು ಜಿಮೇಲ್ ಖಾತೆ ತೆರೆದು ಅದನ್ನು ಕಾಮನ್ ಮೇಲ್ ಎಂದು ಕರೆಯುತ್ತಾರೆ. ಅದಕ್ಕೂ ಪುರಸೊತ್ತಿಲ್ಲದಿದ್ದರೆ ‘ನನ್ನ ಮೇಲ್‌ಗೇ ಕಳಿಸಿ’ ಎನ್ನುತ್ತಾರೆ. ಅಲ್ಲಿಂದ ಎಲ್ಲವೂ ಅದೇ ಪೆಟ್ಟಿಗೆಗೆ ಬೀಳುತ್ತದೆ. ಬೇರೆ ಕಾಲೇಜಿನ ಆಹ್ವಾನ ಪತ್ರ, ಆಟಗಾರರ ಪಟ್ಟಿ, ಬಹುಮಾನದ ಲೆಕ್ಕ, ಫೋಟೊಗಳು ಎಲ್ಲವೂ. ವಿದ್ಯಾರ್ಥಿವೇತನದ ತಂಡವಾದರೆ ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಾಸ್‌ಪೋರ್ಟ್ ಸೈಜ್ ಫೋಟೊ, ಮನೆಯವರ ಫೋನ್ ನಂಬರ್ ಕೂಡ.

ಆ ಅಣ್ಣ ಅಥವಾ ಆಪಾ ಪಾಸಾಗಿ ಬೆಂಗಳೂರಿಗೆ ಹೋದ ಮೇಲೆ ಎರಡು ಬಗೆಯ ನಷ್ಟವಾಗುತ್ತದೆ. ಮೊದಲನೆಯದು ಮುಂದಿನ ವರ್ಷ ಬರುವವರಿಗೆ. ಹಿಂದಿನ ಸಲ ಯಾರಿಗೆ ಪತ್ರ ಬರೆದರು, ಮೈದಾನಕ್ಕೆ ಅನುಮತಿ ಹೇಗೆ ಸಿಕ್ಕಿತು, ಎಷ್ಟು ಖರ್ಚಾಯಿತು ಎಂಬುದು ಒಂದೂ ಗೊತ್ತಿಲ್ಲದೆ ಅವರು ಮೊದಲಿನಿಂದ ಶುರು ಮಾಡಬೇಕು. ಎರಡನೆಯದು ಇನ್ನೂ ದೊಡ್ಡದು. ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳ ಫೋಟೊ, ವಿಳಾಸ, ಆಧಾರ್ ನಂಬರ್ ಆಕೆಗೆ ಪರಿಚಯವೇ ಇಲ್ಲದ ಒಬ್ಬರ ಸ್ವಂತ ಮೇಲ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಟ್ಟುಕೊಂಡವರು ಒಳ್ಳೆಯವರೇ ಇರಬಹುದು. ಆದರೆ ಅವರ ಫೋನ್ ಕಳೆದುಹೋಗಬಹುದು, ಮಾರಾಟವಾಗಬಹುದು, ಪಾಸ್‌ವರ್ಡ್ ಬೇರೆಯವರ ಕೈಗೆ ಸಿಗಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಪಿಯು ಓದುವ ನಮ್ಮಲ್ಲಿ ಬಹುತೇಕರು ಆ ವಯಸ್ಸಿನವರೇ.

ಕಚೇರಿಯ ಕಡತ ಮನೆಯಲ್ಲಿ ಉಳಿಯುವ ತೊಂದರೆ ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಆ ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು, ಲೆಕ್ಕದ ಪುಸ್ತಕಗಳು ಅವರ ಮನೆಯಲ್ಲೇ ಇರುತ್ತಿದ್ದವು. ಮನೆಯ ಕಾಗದ ಯಾವುದು, ಊರಿನ ಕಾಗದ ಯಾವುದು ಎಂಬ ಗೆರೆಯೇ ತೆಳುವಾಗಿತ್ತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯ ಮುಗಿಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಆಗಲೂ ಪಹಣಿ ಬೇಕಾದ ರೈತ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋಗಿ, ಪಹಣಿ ತಾಲ್ಲೂಕು ಕಚೇರಿಯ ಕೌಂಟರಿನಲ್ಲೇ ಸಿಗುವಂತಾದ ಮೇಲೆ ಅಲೆದಾಟ ಕಡಿಮೆಯಾಯಿತು. ದಾಖಲೆ ವ್ಯಕ್ತಿಯ ಕೈಯಿಂದ ಜಾಗಕ್ಕೆ ಹೋದದ್ದರಿಂದ ಆದ ಅನುಕೂಲ ಅದು. ನಮ್ಮ ಅಜ್ಜಂದಿರು ದಾಟಿದ ಆ ತೊಂದರೆಯನ್ನು ನಾವು ಜಿಮೇಲ್‌ನಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದೇವೆ.

ಸರ್ಕಾರಕ್ಕೆ ಇದು ಅರ್ಥವಾಗಿದೆ. ಕೇಂದ್ರ ಸರ್ಕಾರದ 2014ರ ಇಮೇಲ್ ನೀತಿಯಲ್ಲೇ ಒಬ್ಬ ಅಧಿಕಾರಿಗೆ ಎರಡು ವಿಳಾಸ ಇರಬಹುದಿತ್ತು. ಒಂದು ಅವರ ಹೆಸರಿನದು, ಇನ್ನೊಂದು ಹುದ್ದೆಯದು. ವರ್ಗವಾದಾಗ ಹೆಸರಿನ ವಿಳಾಸ ಅವರ ಜೊತೆ ಹೋಗುತ್ತಿತ್ತು, ಹುದ್ದೆಯ ವಿಳಾಸ ಆ ಕುರ್ಚಿಗೆ ಬರುವವರಿಗೆ ಸೇರುತ್ತಿತ್ತು. ಕಚೇರಿಯ ಕೆಲಸಕ್ಕೆ ಖಾಸಗಿ ಮೇಲ್ ಬಳಸಬಾರದು ಎಂಬುದೂ ಅದೇ ನೀತಿಯ ಮಾತಾಗಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆ ‘ಮಾಹಿತಿ’ ಎಂದರೆ ಏನೆಂದು ವಿವರಿಸುವಾಗ ಇಮೇಲ್ ಅನ್ನು ಹೆಸರು ಹೇಳಿಯೇ ಸೇರಿಸಿದೆ. ಮೇಲ್ ಎಂದರೆ ಹರಟೆ, ಕಾಗದ ಮಾತ್ರ ದಾಖಲೆ ಎನ್ನುವ ಕಾಲ ಹೋಯಿತು.

ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೆ ಒಂದು ದೀಪ, ಸ್ವಂತ ಕೆಲಸಕ್ಕೆ ಇನ್ನೊಂದು ದೀಪ ಹಚ್ಚುತ್ತಿದ್ದರು ಎಂಬ ಕಥೆಯನ್ನು ಪ್ರೈಮರಿ ಶಾಲೆಯಿಂದಲೂ ಕೇಳುತ್ತಾ ಬಂದಿದ್ದೇವೆ, ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನವನ್ನೂ ತಂದಿದ್ದೇವೆ. ಎರಡು ದೀಪದ ಕಥೆ ಹೇಳುವವರು ಎರಡು ಮೇಲ್‌ಬಾಕ್ಸ್ ಇಟ್ಟುಕೊಳ್ಳುವುದು ಕಷ್ಟವೇನಲ್ಲ.

ಆದರೆ ಮನಸ್ಸು ಒಳ್ಳೆಯದಿದ್ದರಷ್ಟೇ ಸಾಲದು, ಯಂತ್ರದ ಸ್ವಭಾವವೂ ಗೊತ್ತಿರಬೇಕು. ಔಟ್‌ಲುಕ್‌ನ ಶೇರ್ಡ್ ಮೇಲ್‌ಬಾಕ್ಸ್ ಬಳಸಿ ನೀವು ಕಾಲೇಜಿನ ಹೆಸರಿನಲ್ಲಿ ಉತ್ತರ ಬರೆದರೂ, ಸೆಟ್ಟಿಂಗ್ ಬದಲಿಸದಿದ್ದರೆ ಅದರ ಪ್ರತಿ ನಿಮ್ಮ ಸ್ವಂತ ಸೆಂಟ್ ಐಟಮ್ಸ್‌ನಲ್ಲಿ ಕೂರುತ್ತದೆ. ಅಲ್ಲಿಂದ ಅಳಿಸಿದ ಮೇಲ್ ಕೂಡ ನಿಮ್ಮ ಸ್ವಂತ ಡಿಲೀಟೆಡ್ ಐಟಮ್ಸ್‌ಗೆ ಹೋಗುತ್ತದೆ. ಅಂದರೆ ಪ್ರಶ್ನೆ ಕಾಲೇಜಿನ ಪೆಟ್ಟಿಗೆಯಲ್ಲಿ, ಉತ್ತರ ನಿಮ್ಮ ಪೆಟ್ಟಿಗೆಯಲ್ಲಿ. ನೀವು ಹೋದರೆ ಉತ್ತರವೂ ಹೋಯಿತು. ಜಿಮೇಲ್‌ನ ಕಥೆ ಬೇರೆ. ಅಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಇದೆ. ಒಂದೇ ಮೇಲ್‌ಗೆ ಮೂರು ಲೇಬಲ್ ಹಚ್ಚಬಹುದು, ಲೇಬಲ್ ತೆಗೆದರೂ ಮೇಲ್ ಅಲ್ಲೇ ಇರುತ್ತದೆ. ಆದ್ದರಿಂದ ‘ಫೋಲ್ಡರ್ ಡಿಲೀಟ್ ಮಾಡಿದೆ’ ಎಂದವರ ಖಾತೆಯಲ್ಲಿ ಎಲ್ಲರ ಆಧಾರ್ ಪ್ರತಿಗಳೂ ಹಾಗೇ ಉಳಿದಿರಬಹುದು. ಇನ್ನೊಂದು ಕಡೆ, ಎರಡು ವರ್ಷ ಯಾರೂ ತೆರೆಯದ ಖಾಸಗಿ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಹೀಗೆ ಉಳಿಯಬೇಕಾದದ್ದು ಅಳಿಯುತ್ತದೆ, ಅಳಿಯಬೇಕಾದದ್ದು ಉಳಿಯುತ್ತದೆ.

ಹಾಗಾದರೆ ಸಾಗಿಸುವುದು ಹೇಗೆ? ಮೇಲ್‌ಗಳು ಹತ್ತಿಪ್ಪತ್ತೇ ಇದ್ದರೆ ಜಿಮೇಲ್‌ನಲ್ಲಿ ಅವನ್ನೆಲ್ಲ ಗುರುತುಮಾಡಿ ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಒತ್ತಿದರೆ ಸಾಕು. ದಿನಾಂಕ, ಕಳಿಸಿದವರ ಹೆಸರು ಕೆಡದೆ ಹೋಗುತ್ತವೆ. ನೂರಾರು ಇದ್ದರೆ ಆ ಲೇಬಲ್‌ನದನ್ನು ಮಾತ್ರ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಂಡು ಕಾಲೇಜಿನ ಕಂಪ್ಯೂಟರಿನಲ್ಲಿ ಇಡಬಹುದು. ಇಲ್ಲವೇ ಕಂಪ್ಯೂಟರ್ ಲ್ಯಾಬಿನಲ್ಲಿ ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಖಾತೆಗಳನ್ನು ಅಕ್ಕಪಕ್ಕ ತೆರೆದು ಒಂದರಿಂದ ಇನ್ನೊಂದಕ್ಕೆ ಫೋಲ್ಡರ್ ನಕಲು ಮಾಡಬಹುದು. ಇಲ್ಲಿ ಒಂದೇ ಎಚ್ಚರ. ಮೊದಲು ಕಾಪಿ, ಆಮೇಲೆ ಎಣಿಕೆ, ಕೊನೆಗೆ ಡಿಲೀಟ್. ನೇರವಾಗಿ ಮೂವ್ ಮಾಡಲು ಹೋಗಿ ನಡುವೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ. ಅಳಿಸಿದ ಮೇಲ್ ಜಿಮೇಲ್‌ನ ಟ್ರ್ಯಾಷ್‌ನಲ್ಲಿ 30 ದಿನ ಇರುತ್ತದೆ, ಅದನ್ನೂ ಖಾಲಿ ಮಾಡಿದರೆ ಮಾತ್ರ ಕೆಲಸ ಮುಗಿಯಿತು.

ಇದು ಒಂದೇ ದಿಕ್ಕಿನ ಮಾತಲ್ಲ. ಕಾಮನ್ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುವ ನಿಮ್ಮ ವಸ್ತುವನ್ನು ಹೊರತೆಗೆಯುವ ಹಕ್ಕೂ ನಿಮಗಿದೆ. ನಿಮ್ಮ ಪ್ರಬಂಧ, ನಿಮಗೆ ಬಂದ ಪ್ರಶಸ್ತಿ ಪತ್ರ, ನಿಮ್ಮ ಅರ್ಜಿಯ ಸ್ವೀಕೃತಿ ಇವು ನಿಮ್ಮವು. ಇದಕ್ಕಿಂತ ತುರ್ತಿನದು ಸೈಬರ್ ಸೆಂಟರಿನ ವಿಷಯ. ಸಿಇಟಿ, ನೀಟ್, ವಿದ್ಯಾರ್ಥಿವೇತನದ ಅರ್ಜಿಗಳನ್ನು ನಮ್ಮಲ್ಲಿ ಎಷ್ಟೋ ಜನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ತುಂಬಿಸುತ್ತೇವೆ. ಇಮೇಲ್ ಕಾಲಂ ಬಂದಾಗ ‘ಇಲ್ಲ’ ಎಂದರೆ ಅಂಗಡಿಯವರು ತಮ್ಮದನ್ನೇ ಹಾಕುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸಹಾಯ. ಆದರೆ ಆಮೇಲೆ ಬರುವ ಸೂಚನೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ನೂರಾರು ಜನರ ಮೇಲ್‌ಗಳ ನಡುವೆ ಅಲ್ಲಿ ಬೀಳುತ್ತವೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ನೋಡಿ. ಒಂದೇ ಸೂರಿನಡಿ ಎಷ್ಟೋ ರೈತರ ಗೂಡು ಇರುತ್ತದೆ, ಆದರೆ ಒಬ್ಬೊಬ್ಬರದಕ್ಕೂ ಬೇರೆ ಲಾಟ್ ನಂಬರ್. ಪಕ್ಕದವರ ರಾಶಿಗೆ ತನ್ನ ಗೂಡು ಸುರಿಯಲು ಯಾವ ರೈತನೂ ಒಪ್ಪುವುದಿಲ್ಲ. ತನ್ನ ಭವಿಷ್ಯದ ಕಾಗದವನ್ನು ಬೇರೆಯವರ ರಾಶಿಗೆ ಸುರಿಯಲು ಅವರ ಮಕ್ಕಳು ಯಾಕೆ ಒಪ್ಪಬೇಕು? ಸ್ವಂತ ಇಮೇಲ್ ತೆರೆಯಲು ಹತ್ತು ನಿಮಿಷ ಸಾಕು. ಆಗಲೇ ಬೇರೆಯವರ ವಿಳಾಸ ಹಾಕಿದ್ದರೆ, ಪೋರ್ಟಲ್‌ನಲ್ಲಿ ತಿದ್ದಲು ಅವಕಾಶ ಇರುವಾಗಲೇ ಬದಲಿಸಿ, ಬಂದಿರುವ ಮೇಲ್‌ಗಳನ್ನು ನಿಮಗೆ ಕಳಿಸಿ ಅಲ್ಲಿಂದ ಅಳಿಸಲು ಹೇಳಿ.

‘ಎಲ್ಲಾ ವಾಟ್ಸ್ಆ್ಯಪ್‌ನಲ್ಲೇ ನಡೆಯುತ್ತದೆ, ಮೇಲ್ ಯಾರು ನೋಡುತ್ತಾರೆ?’ ಎಂದು ಗೆಳೆಯರು ಕೇಳುತ್ತಾರೆ. ಕಾಲೇಜಿನೊಳಗೆ ಅದು ನಿಜ. ಆದರೆ ಡಿಗ್ರಿ ಪ್ರವೇಶ, ಪ್ರವೇಶ ಪರೀಕ್ಷೆ, ಕೆಲಸದ ಅರ್ಜಿ ಎಲ್ಲವೂ ಇಮೇಲ್ ವಿಳಾಸ ಕೇಳುತ್ತವೆ. ‘ನಾನು ರಾತ್ರಿಯೆಲ್ಲ ಕೂತು ಮಾಡಿದ ಕೆಲಸ, ನನ್ನ ಬಳಿ ಇದ್ದರೆ ತಪ್ಪೇನು?’ ಎಂದು ಕೇಳುವವರೂ ಇದ್ದಾರೆ. ಈ ಮಾತಿಗೆ ತೂಕವಿದೆ. ನೀವು ಬರೆದ ಪತ್ರದ, ನೀವು ಮಾಡಿದ ಪೋಸ್ಟರಿನ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ, ಅದು ನಿಮ್ಮ ಶ್ರಮದ ಗುರುತು. ಆದರೆ ಬೇರೆಯವರು ನಿಮ್ಮನ್ನು ನಂಬಿ ಕೊಟ್ಟ ಕಾಗದ ನಿಮ್ಮ ಶ್ರಮದ ಫಲವಲ್ಲ.

ಮನೆಯಲ್ಲಿ ಉರ್ದು ಮಾತಾಡುವ ನಮಗೆ ಅದಕ್ಕೆ ಒಂದು ಪದ ಗೊತ್ತು. ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಅದೇ ಪದ ಕನ್ನಡ ಪತ್ರಿಕೆಗಳಲ್ಲಿ ಅಮಾನತು ಆಗಿ, ತಪ್ಪು ಮಾಡಿದ ನೌಕರರನ್ನು ಕೆಲಸದಿಂದ ತಡೆಹಿಡಿಯುವ ಸುದ್ದಿಯಲ್ಲಿ ಬರುತ್ತದೆ. ಮೊದಲ ಅರ್ಥ ನೆನಪಿಟ್ಟುಕೊಂಡವರಿಗೆ ಎರಡನೆಯದರ ಭಯ ಇರುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನಾಲ್ಕು ಕೋರಿಕೆಗಳು. ಒಂದು, ಪ್ರತಿ ತಂಡಕ್ಕೂ ವ್ಯಕ್ತಿಯ ಹೆಸರಿಲ್ಲದ, ಕೆಲಸದ ಹೆಸರಿನ ಮೇಲ್ ವಿಳಾಸ ಇರಲಿ. ಅದರ ರಿಕವರಿ ಫೋನ್ ನಂಬರ್ ವಿದ್ಯಾರ್ಥಿಯದಲ್ಲ, ಕಾಲೇಜಿನದಾಗಿರಲಿ. ಎರಡು, ಪ್ರಿಪರೇಟರಿ ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ತೆರೆದಿಡಿ. ಹೋಗುವವರು ಬರುವವರ ಪಕ್ಕ ಕೂತು ಮೇಲ್‌ಗಳನ್ನು ಒಪ್ಪಿಸಲಿ, ಅದೇ ದಿನ ಪಾಸ್‌ವರ್ಡ್ ಬದಲಾಗಲಿ, ತಾನಾಗಿಯೇ ಫಾರ್ವರ್ಡ್ ಆಗುವ ಸೆಟ್ಟಿಂಗ್ ಇದ್ದರೆ ನಿಲ್ಲಲಿ. ಮೂರು, ವಿದ್ಯಾರ್ಥಿವೇತನಕ್ಕೆಂದು ಪಡೆದ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಕೆಲಸ ಮುಗಿದ ಮೇಲೆ ಎಲ್ಲ ಮೇಲ್‌ಬಾಕ್ಸ್‌ಗಳಿಂದ ಅಳಿಸುವ ಹೊಣೆ ಒಬ್ಬ ಉಪನ್ಯಾಸಕರಿಗೆ ಇರಲಿ. ನಾಲ್ಕು, ನೋ ಡ್ಯೂ ಫಾರಂನಲ್ಲಿ ಲೈಬ್ರರಿ, ಲ್ಯಾಬ್, ಕ್ರೀಡೆಯ ಕೆಳಗೆ ‘ಇಮೇಲ್ ಒಪ್ಪಿಸಲಾಗಿದೆ’ ಎಂಬ ಒಂದು ಸಾಲು ಸೇರಲಿ.

ಫಾರಂ ಮತ್ತೆ ಅಚ್ಚಾಗುವವರೆಗೂ ಕಾಯಬೇಕಿಲ್ಲ. ಈಗಿರುವ ಫಾರಂನ ಕೆಳಗೆ ಆ ಸಾಲನ್ನು ಪೆನ್ನಿನಲ್ಲೇ ಬರೆದು ಸಹಿ ಕೇಳುವುದನ್ನು ನಮ್ಮ ಬ್ಯಾಚಿನಿಂದಲೇ ಶುರು ಮಾಡಬಹುದು.