ಕರೆಗೆ ಇಷ್ಟು ಅಂತ ದುಡ್ಡು

ರಾಯದುರ್ಗದಲ್ಲಿ ನನ್ನದು ಆರು ಮಷಿನ್ನಿನ ಜೀನ್ಸ್ ಹೊಲಿಗೆ ಘಟಕ. ಹೋದ ವರ್ಷ ಒಬ್ಬ ಏಜೆಂಟ್ ಬಂದ. ‘ಜಾಹೀರಾತಿಗೆ ದುಡ್ಡು ಬೇಡ ಸಾರ್, ಫೋನ್ ಬಂದರಷ್ಟೇ ಕೊಡಿ’ ಅಂದ. ಒಪ್ಪಿದೆ. ಮೊದಲ ವಾರ ಬಂದ ಹನ್ನೊಂದು ಕರೆಗಳಲ್ಲಿ ಏಳು ಹೈದರಾಬಾದಿನವು. ಅಲ್ಲೂ ಒಂದು ರಾಯದುರ್ಗ ಇದೆಯಲ್ಲ, ಮೆಟ್ರೊ ನೀಲಿ ಮಾರ್ಗದ ಕೊನೆಯ ನಿಲ್ದಾಣ! ಒಬ್ಬಾಕೆ ರೈಲಿಳಿದು, ‘ನಿಮ್ಮ ಅಂಗಡಿಗೆ ಯಾವ ಗೇಟಿಂದ ಬರಬೇಕು?’ ಎಂದು ತೆಲುಗಿನಲ್ಲಿ ಕೇಳಿದರು. ಅದಕ್ಕೂ ಬಿಲ್ ಬಂತು.

ಮಡಕಶಿರಾದಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವ ನಮ್ಮ ಭಾವನದು ಇನ್ನೊಂದು ಕತೆ. ಅವನಿಗೆ ಕೊಟ್ಟ ಒಬ್ಬ ರೈತನ ನಂಬರನ್ನು ಏಜೆಂಟರು ಹಿಂದೂಪುರ, ಪಾವಗಡದ ಅಂಗಡಿಗಳಿಗೂ ಮಾರಿದ್ದರು. ನಾಲ್ಕು ಕಡೆಯಿಂದ ಫೋನು ಬಂದು ರೋಸಿಹೋದ ರೈತ ತನ್ನ ಊರಿನವನನ್ನೇ ಕರೆಸಿಕೊಂಡ. ಮಡಕಶಿರಾ 2022ರಲ್ಲೇ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಏಜೆಂಟರ ಪಟ್ಟಿಯಲ್ಲಿ ಇನ್ನೂ ಅನಂತಪುರ.

ಕರೆಗೆ ದುಡ್ಡು ಕೊಡುವುದು ತಪ್ಪಲ್ಲ; ಗೋಡೆ ಬರಹಕ್ಕಿಂತ ಲೆಕ್ಕವಾದರೂ ಸಿಗುತ್ತದೆ. ಆದರೆ ಯಾವುದು ಕರೆ ಎಂದು ಅವರೊಬ್ಬರೇ ತೀರ್ಮಾನಿಸಿದರೆ ಹೇಗೆ? ಅರ್ಧ ನಿಮಿಷದ ಮಾತಿಗೆ, ಬೇರೆ ಊರಿನ ಕರೆಗೆ, ನಾಲ್ವರಿಗೆ ಮಾರಿದ ನಂಬರಿಗೆ ಪೂರ್ತಿ ದರ ಯಾಕೆ? ಒಪ್ಪಂದ ಇಂಗ್ಲಿಷಿನಲ್ಲಿತ್ತು, ಓದದೆ ಸಹಿ ಹಾಕಿದ್ದು ನನ್ನ ತಪ್ಪೇ. ಈಗ ಕನ್ನಡದಲ್ಲೋ ತೆಲುಗಿನಲ್ಲೋ ಬರೆದುಕೊಡಿ ಎಂದು ಹಟ ಹಿಡಿದಿದ್ದೇನೆ. ಏಜೆಂಟ್ ನನ್ನ ಫೋನ್ ಎತ್ತುತ್ತಿಲ್ಲ.