ಟರ್ಬೊ ಗೂಡಿನ ಬಿರುಕು

ಬೆಂಗಳೂರಿನ ದಂಡು ಪ್ರದೇಶದಲ್ಲಿ ರಸೆಲ್ ಮಾರುಕಟ್ಟೆಯನ್ನು ಬಳಸಿಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳ ಕಡೆಗೆ ನಡೆದವರಿಗೆ, ಹಳೆಯ ಮೋಟಾರು ಭಾಗಗಳ ರಾಶಿಯ ನಡುವೆ ಶಂಖದಂತೆ ಸುರುಳಿ ಸುತ್ತಿದ, ತುಕ್ಕುಗೆಂಪು ಬಣ್ಣದ ಬೀಡಿನ ಗೂಡೊಂದು ಆಗಾಗ ಕಣ್ಣಿಗೆ ಬೀಳುವುದುಂಟು. ಡೀಸೆಲ್ ಲಾರಿಯ ಟರ್ಬೊ ಯಂತ್ರದಲ್ಲಿ ಹೊಗೆ ಹಾಯುವ ಭಾಗದ ಕವಚವದು. ಅಂಗಡಿಯವರು ಅದನ್ನು ಹೌಸಿಂಗ್ ಎನ್ನುತ್ತಾರೆ. ಕೈಗೆತ್ತಿಕೊಂಡು ಅದರ ಬಾಯೊಳಗೆ ಇಣುಕಿದರೆ, ಕೆಲವದರಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಮತ್ತೆ ಕೆಲವದರಲ್ಲಿ ಬಿರುಕಿರುವುದಿಲ್ಲ. ಗ್ರೈಂಡರಿನಿಂದ ಅರೆದು ಹೊಳಪು ಕೊಟ್ಟ ನಯವಾದ ಅಂಚುಗಳಿರುತ್ತವೆ. ಕೊಳ್ಳಲು ಬಂದವನು ನಯವಾದುದನ್ನೇ ಆರಿಸುವುದು ಸಹಜ. ಆದರೆ ಅನೇಕ ವೇಳೆ ಅವನು ಬಿರುಕು ಬಿಟ್ಟುದನ್ನೇ ಆರಿಸಿದ್ದರೆ ಒಳಿತಾಗುತ್ತಿತ್ತೆಂದು ನಾವು ಹೇಳಿದರೆ, ವಾಚಕರು ನಗಬಾರದು.

ಟರ್ಬೊ ಎಂದರೇನೆಂಬುದನ್ನು ಮೊದಲು ನೋಡೋಣ. ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ವ್ಯರ್ಥವಾಗಿ ಗಾಳಿಗೆ ಬಿಡುವ ಬದಲು ಒಂದು ಚಕ್ರವನ್ನು ತಿರುಗಿಸಲು ಬಳಸಿ, ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರದಿಂದ ಹೊಸ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಪೇಟೆಂಟು ಪಡೆದನು. ಗಾಳಿ ಹೆಚ್ಚಾದರೆ ಹೆಚ್ಚು ಎಣ್ಣೆಯನ್ನು ಉರಿಸಬಹುದು. ಎಂಜಿನ್ನಿನ ಗಾತ್ರ ಬೆಳೆಯದೆ ಬಲ ಬೆಳೆಯುತ್ತದೆ. ಮೊದಲು ಹಡಗುಗಳಲ್ಲಿ, 1938ರ ವೇಳೆಗೆ ಲಾರಿಗಳಲ್ಲಿ ಈ ಉಪಾಯವು ಕಾಲಿಟ್ಟಿತು. ಇಂದು ನಮ್ಮ ಹೆದ್ದಾರಿಯಲ್ಲಿ ಓಡುವ ಹೊಸ ಭಾರಿ ಲಾರಿಗಳಲ್ಲಿ ಟರ್ಬೊ ಇಲ್ಲದುದು ಇಲ್ಲವೆಂದೇ ಹೇಳಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತುಸು ತೆಳುವಾದುದರಿಂದ, ಇದರ ಉಪಕಾರ ಇಲ್ಲಿ ಇನ್ನಷ್ಟು ಹೆಚ್ಚು. ನಗರದ ಪೂರ್ವಭಾಗಕ್ಕೆ ಟರ್ಬೈನು ಹೊಸದೇನೂ ಅಲ್ಲ. ಹಲಸೂರಿನಿಂದ ಇಂದಿರಾನಗರದ ಅಂಚಿನಲ್ಲಿ ಕೃಷ್ಣರಾಜಪುರಕ್ಕೆ ಸಾಗುವ ಹಳೆಯ ಮದರಾಸು ರಸ್ತೆಗೆ ಸಮೀಪದಲ್ಲಿಯೇ, ವಿಮಾನದ ಜೆಟ್ ಎಂಜಿನ್ನುಗಳ ಸಂಶೋಧನೆಗಾಗಿ 1959ರಲ್ಲಿ ಸ್ಥಾಪಿತವಾದ ಗ್ಯಾಸ್ ಟರ್ಬೈನ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಇದೆ. ಲಾರಿಯ ಟರ್ಬೊ ಆ ಕುಲದ ಬಡ ತಮ್ಮನೆನ್ನಬಹುದು.

ಈ ಬಡ ತಮ್ಮನು ಅನುಭವಿಸುವ ತಾಪವಾದರೋ ಕಡಿಮೆಯದಲ್ಲ. ಚಿತ್ತೂರಿನ ಕಡೆಯಿಂದ ಹೊರೆ ಹೊತ್ತ ಲಾರಿಯೊಂದು ಮೊಗಿಲಿ ಘಾಟಿಯನ್ನು ಏರುವಾಗ, ಗೂಡಿನೊಳಗೆ ಹಾಯುವ ಹೊಗೆಯ ಉಷ್ಣತೆ 600ರಿಂದ 700 ಸೆಂಟಿಗ್ರೇಡ್ ಡಿಗ್ರಿಯವರೆಗೆ ಏರಬಲ್ಲುದು. ಕತ್ತಲಲ್ಲಿ ನೋಡಿದರೆ ಬೀಡು ಮಂದವಾಗಿ ಕೆಂಪೇರಿರುತ್ತದೆ. ಚಾಲಕನು ಪಲಮನೇರಿನಲ್ಲಿ ಚಹಾಕ್ಕೆಂದು ನಿಲ್ಲಿಸಿ ಎಂಜಿನ್ನನ್ನು ಆ ಕ್ಷಣವೇ ಆರಿಸಿಬಿಟ್ಟರೆ, ಅದೇ ಬೀಡು ಆರತೊಡಗುತ್ತದೆ. ಮತ್ತೆ ಹೊರಟರೆ ಮತ್ತೆ ಕಾಯುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆಯುತ್ತದೆ.

ಕಾದ ಲೋಹ ಹಿಗ್ಗುವುದನ್ನು ವಿದ್ಯಾರ್ಥಿಗಳು ಗುಂಡು ಮತ್ತು ಬಳೆಯ ಪ್ರಯೋಗದಲ್ಲಿ ಕಂಡಿರುತ್ತಾರೆ. ಆದರೆ ಹಿಗ್ಗುವುದರಿಂದ ಬಿರುಕೇಕೆ ಬರಬೇಕು? ಇದರಲ್ಲಿ ಒಂದು ಸ್ವಾರಸ್ಯವಿದೆ. ಅನೇಕ ಗೂಡುಗಳಲ್ಲಿ ಹೊಗೆ ಬರುವ ದಾರಿಯನ್ನು ಎರಡಾಗಿ ಸೀಳುವ ತೆಳುವಾದ ನಡುಗೋಡೆಯೊಂದು ಇರುತ್ತದೆ. ಅದಕ್ಕೆ ಎರಡು ಮಗ್ಗುಲಿನಿಂದಲೂ ಬಿಸಿ ತಾಗುತ್ತದೆ. ತಂಗಾಳಿ ಯಾವ ಮಗ್ಗುಲಿಗೂ ಇಲ್ಲ. ಹೊರಗೋಡೆಯಾದರೋ ದಪ್ಪನಾದುದು, ಒಂದು ಮುಖವನ್ನು ಗಾಳಿಗೆ ಒಡ್ಡಿ ನಿಂತುದು. ಹೊರಗೋಡೆಯು ನಡುಗೋಡೆಗಿಂತ 200 ಡಿಗ್ರಿಯಷ್ಟು ತಂಪಾಗಿದೆಯೆಂದು ಇಟ್ಟುಕೊಳ್ಳೋಣ. ಬೀಡು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 200ರಿಂದ ಗುಣಿಸಿದರೆ, ಸಾವಿರದಲ್ಲಿ ಎರಡೂವರೆ ಪಾಲಿಗೆ ತುಸು ಕಡಿಮೆ. ಇಷ್ಟನ್ನು ನಡುಗೋಡೆ ಹೆಚ್ಚಾಗಿ ಹಿಗ್ಗಬಯಸುತ್ತದೆ, ಹೊರಗೋಡೆ ಎಡೆಗೊಡುವುದಿಲ್ಲ. ಕೆಂಪಗೆ ಕಾದ ಬೀಡು ತನ್ನ ಆಕಾರಗೆಡದೆ ತಾಳಬಲ್ಲುದು ಇದರ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ನಡುಗೋಡೆಯು ಇದ್ದಲ್ಲಿಯೇ ಅದುಮಿಕೊಂಡು ಶಾಶ್ವತವಾಗಿ ಕುಗ್ಗಿಬಿಡುತ್ತದೆ. ಆಗ ಬಿರುಕು ಬೀಳುವುದಿಲ್ಲ. ಎಂಜಿನ್ನು ನಿಂತು ಎಲ್ಲವೂ ತಣ್ಣಗಾದಾಗ ಕುಗ್ಗಿದ ಗೋಡೆಗೆ ತನ್ನ ಹಳೆಯ ಜಾಗವನ್ನು ತುಂಬಲು ಉದ್ದವೇ ಸಾಲದು; ಎರಡು ತುದಿಗಳಿಂದಲೂ ಹೊರಗೋಡೆ ಅದನ್ನು ಎಳೆಯುತ್ತದೆ. ಬೆಂಕಿಯಲ್ಲಿ ಬಾಳಿದ ಬೀಡು ತಂಪಿನಲ್ಲಿ ಸೀಳುತ್ತದೆ! ಅಮೆರಿಕದ ಕಾಫಿನ್ ಮತ್ತು ಮ್ಯಾನ್ಸನ್ ಎಂಬಿಬ್ಬರು 1950ರ ದಶಕದ ಮೊದಲ ವರ್ಷಗಳಲ್ಲಿ, ಬೇರೆಬೇರೆಯಾಗಿಯೇ ದುಡಿದು, ಪ್ರತಿ ಸುತ್ತಿನಲ್ಲಿಯೂ ಲೋಹವು ಎಷ್ಟು ಶಾಶ್ವತವಾಗಿ ಬಾಗುತ್ತದೆಂಬುದರಿಂದ ಅದು ಎಷ್ಟು ಸುತ್ತು ಬಾಳೀತೆಂಬುದನ್ನು ಲೆಕ್ಕ ಹಾಕುವ ಸೂತ್ರವನ್ನು ಕಂಡುಕೊಂಡರು. ಈ ಬಗೆಯ ದಣಿವಿನ ಅಧ್ಯಯನಕ್ಕೆ ಇಂದಿಗೂ ಅದೇ ತಳಹದಿ.

ಬಿರುಕು ಬಿದ್ದ ಮೇಲೆ ಏನಾಗುತ್ತದೆಂಬುದು ಇನ್ನೂ ಮುಖ್ಯವಾದುದು. ನಡುಗೋಡೆ ಒಮ್ಮೆ ಸೀಳಿತೆಂದರೆ, ಆ ಸೀಳೇ ಹಿಗ್ಗಲು ಕುಗ್ಗಲು ಎಡೆ ಮಾಡಿಕೊಡುತ್ತದೆ; ಸೇತುವೆಯ ತುಂಡುಗಳ ನಡುವೆ ಬಿಡುವ ಸಂದಿನಂತೆ. ಎಳೆತ ಸಡಿಲವಾದುದರಿಂದ ಬಿರುಕು ಬೆಳೆಯುವ ವೇಗ ತಗ್ಗುತ್ತದೆ. ಆದುದರಿಂದಲೇ ನಡುಗೋಡೆಯಲ್ಲಿ ಇಂತಿಷ್ಟು ಬಿರುಕಿದ್ದರೂ ಗೂಡನ್ನು ಮತ್ತೆ ಬಳಸಬಹುದೆಂದು ತಯಾರಕರ ಕೈಪಿಡಿಗಳೇ ಮಿತಿ ಹಾಕಿ ಒಪ್ಪುವುದುಂಟು. ಹೊರಗೋಡೆಯ ಬಿರುಕಿನ ಮಾತೇ ಬೇರೆ. ಅದು ಆರಪಾರ ಹೋದರೆ ಹೊಗೆ ಸೋರುತ್ತದೆ, ಚಕ್ರಕ್ಕೆ ಒತ್ತಡ ಸಾಲದೆ ಗಾಳಿ ಕಡಿಮೆಯಾಗುತ್ತದೆ, ಎಣ್ಣೆ ಅರೆಬರೆ ಉರಿದು ಕರಿಹೊಗೆ ಏಳುತ್ತದೆ, ಹೊಗೆಯ ಉಷ್ಣತೆ ಮತ್ತೂ ಏರುತ್ತದೆ. ಸಮೀಪದ ತಂತಿಗಳಿಗೂ ರಬ್ಬರು ಕೊಳವೆಗಳಿಗೂ ಕಾದ ಅನಿಲ ತಾಗಿದರೆ ಬೆಂಕಿಯ ಭಯವೂ ಇದೆ. ಎರಡು ಬಿರುಕುಗಳು ಕೂಡಿ ಚೂರೊಂದು ಕಳಚಿ, ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಸಮೀಪದಲ್ಲಿ ತಿರುಗುವ ಚಕ್ರಕ್ಕೆ ಬಡಿದರೆ ಅಲ್ಲಿಗೆ ಟರ್ಬೊದ ಕಥೆ ಮುಗಿಯಿತು.

ಈಗ ಗ್ರೈಂಡರಿನ ವಿಷಯಕ್ಕೆ ಬರೋಣ. ಗೂಡಿನ ಬಾಯನ್ನೂ ಒಳದಾರಿಯನ್ನೂ ಅರೆದು ಅಗಲಿಸುವ ಕೆಲಸಕ್ಕೆ ಪೋರ್ಟಿಂಗ್ ಎಂಬ ಹೆಸರಿದೆ. ಹೊಗೆಗೆ ದಾರಿ ಸುಗಮವಾಗಲೆಂದು ಕೆಲವರು, ಬಿರುಕನ್ನು ಅಳಿಸಲೆಂದು ಹಲವರು ಇದನ್ನು ಮಾಡುತ್ತಾರೆ. ಚೂಪಾದ ಅಂಚನ್ನು ಅರದಿಂದ ದುಂಡಗೆ ಮಾಡುವುದು ನಿಜವಾಗಿಯೂ ಒಳ್ಳೆಯ ಕೆಲಸ, ಏಕೆಂದರೆ ಬಿರುಕು ಹುಟ್ಟುವುದು ಚೂಪಾದ ಮೂಲೆಗಳಲ್ಲಿಯೇ. ಆದರೆ ಗೋಡೆಯನ್ನೇ ತೆಳ್ಳಗೆ ಮಾಡಿದರೆ ಅದು ಬೇಗ ಕಾದು ಬೇಗ ಆರುತ್ತದೆ. ನೆರೆಯ ದಪ್ಪ ಭಾಗಕ್ಕೂ ಅದಕ್ಕೂ ಉಷ್ಣತೆಯ ಅಂತರ ಬೆಳೆಯುತ್ತದೆ. ಹಳೆಯ ಬಿರುಕಿನ ಪಕ್ಕದಲ್ಲಿ ಹೊಸದು ಏಳುತ್ತದೆ. ಅಷ್ಟೇ ಅಲ್ಲ, ಒಳದಾರಿಯ ಕಿರಿದಾದ ಭಾಗವನ್ನು ಅಗಲಿಸಿದರೆ ಹೊಗೆಯ ವೇಗ ತಗ್ಗಿ, ಲಾರಿ ನಿಧಾನವಾಗಿ ಹೊರಡುವಾಗ ಟರ್ಬೊ ಎಚ್ಚರಗೊಳ್ಳುವುದೇ ತಡವಾಗುತ್ತದೆ. ಕೃಷ್ಣರಾಜಪುರದ ತೂಗುಸೇತುವೆಯ ಬಳಿ ನಿಂತು ನಿಂತು ಸಾಗುವ ಸಾಲಿನಲ್ಲಿ, ಇಂಥ ಲಾರಿಯ ಹಿಂದೆ ದ್ವಿಚಕ್ರ ವಾಹನದಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಸುಗೆಯೂ ಸುಲಭದ ಮಾತಲ್ಲ. ಬೀಡಿನಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಇಂಗಾಲವಿರುವುದರಿಂದ, ಬೆಸೆದ ಗೆರೆಯ ಅಂಚು ಬೇಗ ತಣಿದು ಗಾಜಿನಂತೆ ಪೆಡಸಾಗುತ್ತದೆ. ಮೊದಲೇ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ನಿಧಾನವಾಗಿ ಆರಿಸಬಲ್ಲ ಕುಶಲಿಗಳು ಇದ್ದಾರೆ. ಅವರಿಗೂ ಈ ಕೆಂಪು ತಾಪದಲ್ಲಿ ಬೆಸುಗೆ ಬಾಳುವುದೆಂಬ ಭರವಸೆ ಕೊಡುವುದು ಕಷ್ಟ. ಸಿಲಿಕಾನ್ ಮತ್ತು ಮಾಲಿಬ್ಡಿನಂ ಬೆರೆಸಿದ, ಅಥವಾ ನಿಕ್ಕಲ್ ಹೇರಳವಾಗಿರುವ ಉತ್ತಮ ಬೀಡುಗಳು ಈ ತಾಪವನ್ನು ಹೆಚ್ಚು ಕಾಲ ತಾಳುತ್ತವೆ, ಆದರೆ ಬೆಲೆ ಹೆಚ್ಚು. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಗುರುತಿಸಲಾಗದು.

ಹಾಗಾದರೆ ಈ ಅಂಗಡಿಗಳನ್ನೇ ಮುಚ್ಚಿಸಬೇಕೆನ್ನುವ ವಿದ್ವಾಂಸರಿದ್ದಾರೆ. ಅವರ ಮಾತು ನಮಗೆ ಒಪ್ಪಿಗೆಯಿಲ್ಲ. ಸಾಲ ಮಾಡಿ ಒಂದೇ ಲಾರಿಯನ್ನು ಕೊಂಡು ತಾನೇ ನಡೆಸುವ ಮನುಷ್ಯನಿಗೆ ಹೊಸ ಟರ್ಬೊದ ಬೆಲೆ ಒಂದೇ ಸಲಕ್ಕೆ ಎಟುಕುವಂಥದಲ್ಲ. ಹಳೆಯದನ್ನು ಮತ್ತೆ ಬಳಕೆಗೆ ತರುವುದು ದೇಶಕ್ಕೂ ಲಾಭವೇ. ನಾವು ಬೇಡುವುದು ಇಷ್ಟೇ: ಬಿರುಕನ್ನು ಮರೆಮಾಡದಿರಲಿ. ಅರೆದುದನ್ನು ಅರೆದುದೆಂದೂ ಬೆಸೆದುದನ್ನು ಬೆಸೆದುದೆಂದೂ ಹೇಳಿ ಮಾರಲಿ. ಎಲ್ಲಿ ಬಿದ್ದ ಬಿರುಕು, ಎಷ್ಟು ಉದ್ದ, ಯಾವ ಕಡೆಗೆ ಹೊರಟಿದೆ ಎಂಬುದನ್ನು ಕೊಳ್ಳುವವನು ಕಣ್ಣಾರೆ ನೋಡಿ ನಿರ್ಧರಿಸಲಿ. ನಯವಾದ ಗೂಡು ಅವನಿಂದ ಆ ಸಾಕ್ಷ್ಯವನ್ನೇ ಕಿತ್ತುಕೊಳ್ಳುತ್ತದೆ.

ಕಾಲೇಜುಗಳ ಮೇಲೆಯೂ ನಮಗೊಂದು ದೂರಿದೆ. ಗುಂಡು ಮತ್ತು ಬಳೆಯನ್ನು ತಲೆಮಾರುಗಳಿಂದ ತೋರಿಸುತ್ತ ಬಂದಿದ್ದೇವೆ. ತೂಕದ ಬೆಲೆಗೆ ಸಿಕ್ಕುವ ಒಡೆದ ಗೂಡೊಂದನ್ನು ಗರಗಸದಿಂದ ಕೊಯ್ದು ಮೇಜಿನ ಮೇಲೆ ಇಟ್ಟವರೆಷ್ಟು ಮಂದಿ? ಇತ್ತ, ಶಿವಾಜಿನಗರದಲ್ಲಿ ನಾವು ಮಾತನಾಡಿಸಿದ ಹಿರಿಯ ಉಸ್ತಾದರೊಬ್ಬರಿಗೆ ಯಾವ ಸೂತ್ರವೂ ತಿಳಿಯದು. ಆದರೆ "ಘಾಟಿ ಏರಿದ ಮೇಲೆ ಎರಡು ನಿಮಿಷ ಗಾಡಿಯನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ ಸಾರ್, ಇಲ್ಲದಿದ್ದರೆ ಹೌಸಿಂಗ್ ಅಳುತ್ತೆ" ಎಂದು ಅವರು ಹೇಳಿದುದರಲ್ಲಿ ಕಾಫಿನ್ನನ ಪಾಠದ ಅರ್ಧಭಾಗವಿತ್ತು.

ಅವರಿಂದ ನಾವು ಅರೆದು ಹೊಳಪು ಕೊಟ್ಟ ಗೂಡೊಂದನ್ನು ಕೊಂಡುತಂದೆವು. ರೈಲ್ವೆ ಕಾರ್ಯಾಗಾರಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಸರಳ ಪರೀಕ್ಷೆಯೊಂದಿದೆ. ದೀಪ ಬೆಂಕಿಗಳಿಂದ ದೂರದಲ್ಲಿ ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಗೂಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಿಟ್ಟೆವು. ಬೆಳಿಗ್ಗೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿದು ಕಾದೆವು. ನಡುಗೋಡೆಯ ಅರೆದ ಜಾಗ ಬೆಳ್ಳಗೇ ಉಳಿಯಿತು. ಅದರಿಂದ ಎರಡು ಬೆರಳು ಆಚೆಗೆ, ಗ್ರೈಂಡರು ತಾಗದೆ ಇದ್ದ ಹೊರಗೋಡೆಯ ತಿರುವಿನಲ್ಲಿ, ಕಾಲು ಗಂಟೆಯೊಳಗೆ ಒದ್ದೆಯಾದ ಸಣ್ಣ ಗೆರೆಯೊಂದು ಮೆಲ್ಲನೆ ಮೂಡಿ ಬಂದಿತು.